ಎಂಜಲೋ, ಮೀಸಲೋ?



ನಮ್ಮ ಮನೆಮಾತಿನಲ್ಲಿ ಎರಡು ಪದಗಳಿವೆ. ಒಂದು ಎಂಜಲು, ಇನ್ನೊಂದು ಮೀಸಲು. ಬಾಯಿ ಮುಟ್ಟಿದ್ದು, ಉಂಡು ಉಳಿದದ್ದು ಎಂಜಲು. ಯಾರೂ ಮುಟ್ಟುವುದಕ್ಕೆ ಮೊದಲೇ ತೆಗೆದಿಟ್ಟದ್ದು ಮೀಸಲು. ಪಕ್ಕದ ಮನೆಯ ತಮಿಳರು ಮೊದಲನೆಯದನ್ನು ಎಚ್ಚಿಲ್ ಅನ್ನುತ್ತಾರೆ, ಎದುರುಮನೆಯ ತೆಲುಗರು ಎಂಗಿಲಿ ಅನ್ನುತ್ತಾರೆ. ಮೂರು ಭಾಷೆಯವರಿಗೂ ಅದು ದೇವರ ಹತ್ತಿರ ಹೋಗಬಾರದ ವಸ್ತು. ಹೊಲದ ಮೊದಲ ರಾಗಿ, ಮರದ ಮೊದಲ ಹಲಸಿನ ಹಣ್ಣು, ಹಸು ಕರು ಹಾಕಿದ ಮೇಲೆ ಕರೆದ ಹಾಲು, ಇವೆಲ್ಲ ಮೀಸಲು. ಇಷ್ಟು ಸ್ಪಷ್ಟವಾದ ಗೆರೆ ಇರುವಾಗ ಎಂಜಲು ಎಂದಾದರೂ ಮೀಸಲಾಗಲು ಸಾಧ್ಯವೇ? ಈ ಪ್ರಶ್ನೆ ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಗೋದಲಿಯ ನೆಪದಲ್ಲಿ ಎದ್ದಿದೆ. ಆದ್ದರಿಂದಲೇ ಈ ಲೇಖನ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಸ್ಮಸ್ ಗೋದಲಿಯನ್ನು ಅಂಗಡಿಯಿಂದ ತರದೆ, ಬಿಸಾಡಿದ ಸಾಮಾನಿನಿಂದಲೇ ಮಾಡೋಣ ಎಂಬುದು ನಮ್ಮ ಯುವಜನರ ಆಸೆ. ಹಸಿರುಮನೆಗಳ ಹರಿದ ಪ್ಲಾಸ್ಟಿಕ್ ಹಾಳೆ ಆಕಾಶಕ್ಕೆ, ಗುಲಾಬಿ ಕಳಿಸುವ ರಟ್ಟಿನ ಪೆಟ್ಟಿಗೆ ಮನೆಗಳಿಗೆ, ಗ್ರಾನೈಟಿನ ಒಡಕು ಚೂರು ಬೆಟ್ಟಕ್ಕೆ, ಲೇತ್ ವರ್ಕ್‌ಶಾಪಿನಲ್ಲಿ ನೆಲಕ್ಕೆ ಬೀಳುವ ಕಬ್ಬಿಣದ ಸುರುಳಿ ಕುರಿಗಳ ಉಣ್ಣೆಗೆ. ಹೊಸೂರಿನ ಸುತ್ತಮುತ್ತ ಇವುಗಳಿಗೆ ಬರವಿಲ್ಲ. ಇದನ್ನು ಕೇಳಿದ ಹಿರಿಯರಲ್ಲಿ ಒಬ್ಬ ಅಜ್ಜಿ ಒಂದೇ ಮಾತು ಕೇಳಿದರು: "ಏನಮ್ಮಾ, ನಿಮ್ಮ ಮನೆ ತೊಟ್ಟಿಲಿಗೆ ಗುಜರಿ ಸಾಮಾನು ಹಾಕ್ತೀರಾ? ಬಾಲಯೇಸುವಿಗೆ ಮಾತ್ರ ಯಾಕೆ?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಪ್ರಶ್ನೆಯ ಹಿಂದೆ ಶ್ರೀಗ್ರಂಥವೇ ನಿಂತಿದೆ. ಕುರುಡು, ಕುಂಟು, ರೋಗದ ಪ್ರಾಣಿಗಳನ್ನು ಬಲಿಗೆ ತಂದವರ ಮೇಲೆ ಪ್ರವಾದಿ ಮಲಾಕಿ ಸಿಡಿದೇಳುತ್ತಾನೆ. ಇದನ್ನೇ ನಿನ್ನ ಅಧಿಕಾರಿಗೆ ಕೊಟ್ಟು ನೋಡು, ಅವನು ಒಪ್ಪುತ್ತಾನೆಯೇ ಎಂಬುದು ಅವನ ವಾದದ ಸಾರ. ಅಜ್ಜಿಯ ತೊಟ್ಟಿಲಿನ ಮಾತೂ ಅದೇ ವಾದ, ಸ್ವಲ್ಪ ಮೃದುವಾಗಿ. ಧರ್ಮಸಭೆಯ ನಿಯಮವೂ ಹೀಗೇ ಇದೆ. ಬಲಿಪೂಜೆಯ ಪಾತ್ರೆಗಳು ಬೆಲೆಬಾಳುವ, ಗೌರವಕ್ಕೆ ತಕ್ಕ ವಸ್ತುವಿನಿಂದಲೇ ಆಗಿರಬೇಕು, ಗಾಜು, ಮಣ್ಣು ಮುಂತಾದ ಸುಲಭವಾಗಿ ಒಡೆಯುವ ವಸ್ತು ಸಲ್ಲದು ಎಂದು 2004ರಲ್ಲಿ ರೋಮ್ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು. ಬಡತನವೇ ಪವಿತ್ರ, ಆದ್ದರಿಂದ ತೆಂಗಿನ ಚಿಪ್ಪಿನಲ್ಲಿ ಪೂಜೆ ಮಾಡೋಣ ಎಂದು ಯಾರಾದರೂ ಭಾವುಕರಾಗಿ ಹೊರಟರೆ ಅವರನ್ನು ತಡೆಯುವ ನಿಯಮ ಇದು. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಅದೇ ಶ್ರೀಗ್ರಂಥದಲ್ಲಿ ಕಟ್ಟುವವರು ಬೇಡವೆಂದು ಬಿಸಾಡಿದ ಕಲ್ಲೇ ಮೂಲೆಗಲ್ಲಾದ ಕೀರ್ತನೆಯೂ ಇದೆ. ಕ್ರಿಸ್ತನೇ ಅದನ್ನು ತನಗೆ ಅನ್ವಯಿಸಿಕೊಂಡ. ಒಂದೇ ಗ್ರಂಥದ ಈ ಎರಡು ಮಾತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆಯೋ, ಇಲ್ಲ ಬೇರೆ ಬೇರೆ ಸಂಗತಿಯನ್ನು ಹೇಳುತ್ತವೆಯೋ?

ನಾನು ಓದಿದ್ದು ಬಿ.ಎಸ್ಸಿ. ಕೆಮಿಸ್ಟ್ರಿ. ಸಭೆಯಲ್ಲಿ ಒಬ್ಬ ಹುಡುಗ ನನ್ನ ಕಡೆ ನೋಡಿ, "ಇದ್ದಿಲು, ವಜ್ರ ಎರಡೂ ಕಾರ್ಬನ್ ತಾನೇ ಅಕ್ಕಾ? ಮೇಲು ಕೀಳು ಎಲ್ಲಿಂದ ಬಂತು?" ಎಂದ. ಕೇಳಲು ಚೆಂದದ ವಾದ, ಆದರೆ ಹುಳುಕು. ಅನ್ನವೂ ಸಗಣಿಯೂ ಬಹುಪಾಲು ಅದೇ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್. ಹಾಗೆಂದು ಒಂದರ ಬದಲು ಇನ್ನೊಂದನ್ನು ಯಾರೂ ಬಡಿಸುವುದಿಲ್ಲ. ನಾವು ಬದುಕುವುದು ಪರಮಾಣುಗಳ ನಡುವೆ ಅಲ್ಲ, ಅರ್ಥಗಳ ನಡುವೆ. ಒಂದು ವಸ್ತು ಯಾರ ಕೈಯಿಂದ ಬಂತು, ಯಾವುದಕ್ಕೆ ಬಳಕೆಯಾಯಿತು, ಯಾಕೆ ಬಿಸಾಡಲ್ಪಟ್ಟಿತು ಎಂಬುದೆಲ್ಲ ಅದಕ್ಕೆ ಅಂಟಿಕೊಂಡೇ ಇರುತ್ತದೆ. ರಸಾಯನಶಾಸ್ತ್ರ ಅದನ್ನು ತೊಳೆದು ಹಾಕಲಾರದು.

ಹೀಗೆ ಅಂಟಿಕೊಂಡ ಅರ್ಥಗಳನ್ನೇ ಬಂಡವಾಳ ಮಾಡಿಕೊಂಡ ಕಲಾವಿದೆಯೊಬ್ಬರು ನಮ್ಮಿಂದ ನಲವತ್ತು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿದ್ದಾರೆ. ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ಕಲಿತದ್ದು ಚಿತ್ರಕಲೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ, ಅವರು ಬಣ್ಣದ ಟ್ಯೂಬನ್ನು ಪಕ್ಕಕ್ಕಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಬಂದದ್ದು ಕುಂಕುಮ, ಸೂಜಿ, ದಾರ, ಊದುಬತ್ತಿಯ ಬೂದಿ, ಡಾಂಬರಿನ ಡ್ರಮ್ಮು, ತಲೆಗೂದಲು. ಅಡುಗೆಮನೆ, ಅಂಗಳ, ದೇವರ ಮೂಲೆ, ರಸ್ತೆ ಬದಿ ಬಿಟ್ಟು ಬೇರೆ ಎಲ್ಲಿಂದಲೂ ತಂದವಲ್ಲ.

ಅವರ ಒಂದು ಕೃತಿಯಲ್ಲಿ ಉದ್ದುದ್ದ ದಾರವನ್ನು ಸೂಜಿಗಳಿಗೆ ಪೋಣಿಸಿ, ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟು ಸವರಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಕರುಳಿನಂತೆ ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಇಳಿಬಿದ್ದಿರುತ್ತದೆ. ಅದಕ್ಕಿಟ್ಟ ಹೆಸರು "ನನ್ನ ನೋವನ್ನು ಅವನಿಗೆ ಹೇಳು" ಎಂಬರ್ಥದ್ದು. ದಾರ, ಸೂಜಿ, ಕುಂಕುಮ ಮೂರೂ ನಮ್ಮೂರ ಸಂತೆಯಲ್ಲಿ ಸಿಗುತ್ತವೆ. ಸಿಗದಿರುವುದು ಒಂದೊಂದು ಸೂಜಿಯ ಕಣ್ಣಿನಲ್ಲೂ ಅಷ್ಟುದ್ದದ ದಾರವನ್ನು ಎಳೆಯುವ ತಾಳ್ಮೆ.

ಇನ್ನೊಂದು ಕೃತಿ 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶನಗೊಂಡಿತು. ಸುಮಾರು 4,000 ಮೀಟರ್ ಕೂದಲಿನ ಹಗ್ಗ, ಅದರಿಂದ ಗೋಡೆಗೆ ತೂಗುಬಿದ್ದ 20ರಷ್ಟು ಕಾರಿನ ಕ್ರೋಮ್ ಬಂಪರುಗಳು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಹೊರದೇಶದವರಿಗೆ ಅದು ವಿಚಿತ್ರ, ನಮಗೆ ಅಲ್ಲ. ಲಾರಿ, ಟೆಂಪೋಗಳ ಬಂಪರಿಗೆ ದೃಷ್ಟಿ ತಾಗದಿರಲಿ ಎಂದು ಕಟ್ಟುವ ಕಪ್ಪು ಕೂದಲ ಹಗ್ಗವನ್ನು ಹೊಸೂರು ಬಸ್‌ಸ್ಟ್ಯಾಂಡಿನ ಎದುರು ನಿಂತರೆ ಹತ್ತು ನಿಮಿಷದಲ್ಲಿ ನೋಡಬಹುದು. ಆ ಕೂದಲು ಬರುವುದು ಹರಕೆಯ ಮುಡಿಯಿಂದ. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಮೇಲೆ ಉದ್ದ ಕೂದಲು ವಿಗ್ಗಿಗಾಗಿ ಹರಾಜಾಗಿ ಹೋಗುತ್ತದೆ, ಗಿಡ್ಡ ಕೂದಲು ಹಗ್ಗವಾಗುತ್ತದೆ. ವೇಳಾಂಗಣಿಯಲ್ಲಿ ನಮ್ಮವರೂ ಮುಡಿ ಕೊಡುತ್ತಾರೆ, ಆದ್ದರಿಂದ ಇದು ಯಾರದೋ ಕಥೆ ಎಂದು ದೂರ ನಿಲ್ಲುವ ಹಾಗಿಲ್ಲ. ನನ್ನ ಕೆಮಿಸ್ಟ್ರಿ ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ: ಕೂದಲು ಕೆರಾಟಿನ್ ಎಂಬ ಪ್ರೋಟೀನು, ಅದರೊಳಗೆ ಗಂಧಕದ ಬಂಧಗಳಿವೆ, ಆದ್ದರಿಂದ ಮಾಂಸ ಚರ್ಮದಂತೆ ಬೇಗ ಕೊಳೆಯುವುದಿಲ್ಲ. ಕೊಟ್ಟವರು ಹೋದ ಮೇಲೂ ಅವರ ಕೂದಲು ಇರುತ್ತದೆ.

ಒಂದು ಹರಕೆಯ ದಾರಿಯನ್ನು ಇಲ್ಲಿ ಗಮನಿಸಿ. ಮಗುವಿನ ಜ್ವರ ಇಳಿಯಲಿ ಎಂದು ತಾಯಿ ಮುಡಿ ಕೊಡುತ್ತಾಳೆ. ಆ ಗಳಿಗೆಯಲ್ಲಿ ಅದು ಮೀಸಲು. ಕತ್ತರಿಸಿ ಬಿದ್ದ ಕೂಡಲೇ ಅದು ಗುಡಿಸುವ ಕಸ. ಗೋಣಿಚೀಲಕ್ಕೆ ಬಿದ್ದಾಗ ಸರಕು. ಲಾರಿಗೆ ಕಟ್ಟಿದಾಗ ರಕ್ಷೆ. ಮ್ಯೂಸಿಯಮ್ಮಿನಲ್ಲಿ ಕಲೆ. ವಸ್ತು ಒಂದೇ, ಹೆಸರು ಐದು. ಎಂಜಲಿಗೂ ಮೀಸಲಿಗೂ ನಡುವಿನ ಗೆರೆ ವಸ್ತುವಿನ ಒಳಗಿಲ್ಲ, ಅದನ್ನು ಹಿಡಿದ ಕೈಯಲ್ಲಿದೆ ಎಂದು ನನಗೆ ಮೊದಲು ಅನ್ನಿಸಿದ್ದು ಈ ಕೃತಿಯ ಬಗ್ಗೆ ಓದಿದಾಗ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಜ್ಜಿಗೆ ಅನ್ಯಾಯ ಮಾಡಿದಂತೆ. ಅವರ ಮಾತಿನಲ್ಲಿ ಇನ್ನೊಂದು ಪದರ ಇದೆ. ಜೀವಮಾನವೆಲ್ಲ ಬೇರೆಯವರು ಉಟ್ಟು ಬಿಟ್ಟ ಸೀರೆ ಉಟ್ಟವರಿಗೆ ಹಳೆಯ ಬಟ್ಟೆ ಕಲೆಯಾಗಿ ಕಾಣುವುದಿಲ್ಲ. ಹಬ್ಬಕ್ಕೆ ಒಂದು ಹೊಸ ಬಟ್ಟೆ ಎಂಬುದು ಅವರಿಗೆ ಆಡಂಬರ ಅಲ್ಲ, ಮಾನ. ಗೋದಲಿಗೆ ಹೊಸ ಬಟ್ಟೆ, ಹೊಸ ಬಣ್ಣ ಬೇಕು ಎನ್ನುವಾಗ ಅವರು ಕೇಳುತ್ತಿರುವುದು ಬಡವರ ಮನೆಯ ಕೂಸಿಗೆ ವರ್ಷಕ್ಕೊಮ್ಮೆಯಾದರೂ ಸಿಗಬೇಕಾದದ್ದನ್ನು.

ಆರಿಸಿಕೊಂಡ ಬಡತನ ಬೇರೆ, ಹೇರಿದ ಬಡತನ ಬೇರೆ. ನಮ್ಮ ತೊರಪಲ್ಲಿ ಅಗ್ರಹಾರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1878ರಲ್ಲಿ ಇಲ್ಲಿ ಹುಟ್ಟಿದ ರಾಜಾಜಿಯವರು ಮದ್ರಾಸಿನ ಪ್ರಧಾನಿಯಾದರು, ಭಾರತದ ಗವರ್ನರ್ ಜನರಲ್ ಆದರು, ಆದರೂ ಖಾದಿ ಬಿಡಲಿಲ್ಲ. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಹಳ್ಳಿಯವರ ಕೈಗೆ ರಾಟೆ ಕೊಟ್ಟರು. ನಯವಾದ ಗಿರಣಿ ಬಟ್ಟೆ ಉಡಬಲ್ಲ ವಕೀಲರು ಒರಟು ಖಾದಿ ಉಟ್ಟಾಗ ಅದು ಒಂದು ನೈತಿಕ ಹೇಳಿಕೆ. ಅದೇ ಒರಟು ಬಟ್ಟೆಯಲ್ಲೇ ಹುಟ್ಟಿ ಸತ್ತ ಕೂಲಿಯವನದು ಹೇಳಿಕೆ ಅಲ್ಲ, ಬರೀ ಬದುಕು. ಖಾದಿ ಸುಳ್ಳಾಗದೆ ಉಳಿದದ್ದು, ಅದು ಕೂಲಿಯವನ ಕೈಗೂ ನಾಲ್ಕು ಕಾಸು ತಲುಪಿಸಿತು ಎಂಬ ಕಾರಣಕ್ಕೆ. ಉಟ್ಟವನ ತ್ಯಾಗವಷ್ಟೇ ಇದ್ದಿದ್ದರೆ ಅದೊಂದು ವೇಷವಾಗುತ್ತಿತ್ತು.

ಶೀಲಾ ಗೌಡರ ಕೃತಿಗಳಲ್ಲೂ ಈ ಮುಳ್ಳು ಇದೆ. ರಸ್ತೆ ಕೆಲಸದವರು ಖಾಲಿ ಡಾಂಬರ್ ಡ್ರಮ್ಮುಗಳನ್ನು ಬಿಡಿಸಿ, ತಟ್ಟಿ, ತಗಡು ಮಾಡಿ, ರಸ್ತೆ ಪಕ್ಕದಲ್ಲೇ ಗೂಡಿನಂಥ ಶೆಡ್ಡು ಹಾಕಿಕೊಳ್ಳುತ್ತಾರೆ. ಬೆಂಗಳೂರು ರಸ್ತೆ ಅಗಲ ಮಾಡುವಾಗ ನಾವೆಲ್ಲ ನೋಡಿದ್ದೇವೆ. 2006ರಲ್ಲಿ ಅವರು ಅಂಥ ಡ್ರಮ್ಮುಗಳಿಂದಲೇ "ಡಾರ್ಕ್‌ರೂಮ್" ಎಂಬ ಕೋಣೆ ಕಟ್ಟಿದರು. ಹೊರಗಿನಿಂದ ಅರಮನೆಯ ಕಂಬಗಳಂತೆ ಕಾಣುತ್ತದೆ. ಒಳಗೆ ಹೋಗಬೇಕಾದರೆ ಬಗ್ಗಿ, ತೆವಳಬೇಕು. ಒಳಗೆ ಕತ್ತಲು, ತಲೆಯ ಮೇಲೆ ತಗಡಿಗೆ ಚುಚ್ಚಿದ ಸಣ್ಣ ಸಣ್ಣ ತೂತುಗಳಿಂದ ಬೆಳಕು, ನಕ್ಷತ್ರ ತುಂಬಿದ ಆಕಾಶದ ಹಾಗೆ. ಟಿಕೆಟ್ ಕೊಂಡು ಬಂದವನೂ ಕೂಲಿಯವನ ಗೂಡಿಗೆ ಮಂಡಿಯೂರಿ ಹೋಗಬೇಕು ಎಂಬುದು ನನಗೆ ಹಿಡಿಸಿತು. ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲೂ ಗಿಡ್ಡದ್ದು, ಬಗ್ಗದೆ ಒಳಗೆ ಹೋಗಲಾಗದು. ಆದರೂ ಕೇಳಬೇಕಾದ ಪ್ರಶ್ನೆ ಹಾಗೇ ಇದೆ: ನಕ್ಷತ್ರ ನೋಡಿ ಹೊರಬಂದವನು ಮನೆಗೆ ಹೋದ, ಡ್ರಮ್ಮಿನ ಶೆಡ್ಡಿನ ಮಗು ಎಲ್ಲಿಗೆ ಹೋಯಿತು? ಕಲೆ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಆದರೆ ಪ್ರಶ್ನೆ ಕೇಳುವಂತೆ ಮಾಡಿದರೆ ಅದು ಬಡತನವನ್ನು ಅಲಂಕಾರವಾಗಿ ಬಳಸಿಕೊಂಡಿಲ್ಲ ಎಂದು ನಾನು ಒಪ್ಪುತ್ತೇನೆ. ಅವರಿಗೆ 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂದಾಗ ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿಯಿತೋ ಗೊತ್ತಿಲ್ಲ. ಕ್ರಿಕೆಟ್ ಸ್ಕೋರು ಮಾತ್ರ ಎಲ್ಲರಿಗೂ ಗೊತ್ತಿತ್ತು!

ಪ್ರಶ್ನೆ ಕೇಳುವುದರಲ್ಲಿ ಎಲ್ಲರಿಗಿಂತ ನೇರ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ. ಅವರ ಸಾಮಗ್ರಿ ರಸ್ತೆಯ ಗುಂಡಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಯಲ್ಲಿ ಮೊಸಳೆಯನ್ನು ಬಿಟ್ಟರು. 2019ರಲ್ಲಿ ಚಂದ್ರಯಾನ–2 ಚಂದ್ರನ ಮೇಲೆ ಇಳಿಯಬೇಕಿದ್ದ ದಿನಗಳಲ್ಲಿ ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ ವಿಡಿಯೋ ಮಾಡಿದರು. ಅಂಥ ಕೃತಿಗೆ ಸಿಗಬಹುದಾದ ದೊಡ್ಡ ಗೌರವ ಎಂದರೆ ಅದು ಇಲ್ಲವಾಗುವುದು, ಅಂದರೆ ಪಾಲಿಕೆಯವರು ಬಂದು ಗುಂಡಿ ಮುಚ್ಚುವುದು.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಉದಾಹರಣೆ. ಇದರಲ್ಲಿ ಮ್ಯೂಸಿಯಮ್ಮಿನ ಕಲಾವಿದರಿಲ್ಲ, ನಮ್ಮದೇ ವಿಶ್ವಾಸದ ಬಡ ಹೆಂಗಸರಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು, ಅಂಕೋಲಾ ಕಡೆಯ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ, ಹಲವರು ಗುಲಾಮರಾಗಿ, ಗೋವೆಯ ಮೂಲಕ ಬಂದವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕಥೋಲಿಕರೂ ಇದ್ದಾರೆ. ಮೂರು ಮತದ ಹೆಂಗಸರೂ ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕವಂದಿ ಎಂದೂ ಕರೆಯುತ್ತಾರೆ. ಮಷಿನ್ ಇಲ್ಲ, ಮೊದಲೇ ಬರೆದುಕೊಂಡ ನಕ್ಷೆ ಇಲ್ಲ. ಅಂಚಿನಿಂದ ತುಂಡುಗಳನ್ನು ಜೋಡಿಸುತ್ತಾ, ಒತ್ತೊತ್ತಾಗಿ ಹೊಲಿಗೆ ಹಾಕುತ್ತಾ, ಸುತ್ತು ಬಂದು ನಡುವಿಗೆ ಮುಗಿಸುತ್ತಾರೆ. ಕಥೋಲಿಕ ಸಿದ್ದಿಯರ ಕೌದಿಗಳಲ್ಲಿ ಶಿಲುಬೆ ಕಾಣಿಸಿಕೊಳ್ಳುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ನೋಡಿ, ಹೊರಜಗತ್ತಿಗೆ ತೋರಿಸಿದರು.

ಕೌದಿ ಎಲ್ಲ ಬಡವರ ಮನೆಯಲ್ಲೂ ಇದೆ, ಅದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇರುವುದು ನಾಲ್ಕು ಮೂಲೆಯಲ್ಲಿ. ಹೊಲಿಗೆ ಎಲ್ಲ ಮುಗಿದ ಮೇಲೆ ಬಣ್ಣಬಣ್ಣದ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ, ತ್ರಿಕೋನ ಮಾಡಿ, ಪ್ರತಿ ಮೂಲೆಗೂ ಒಂದೊಂದು ಹೊಲಿಯುತ್ತಾರೆ. ಅದಕ್ಕೆ ಫೂಲ ಎಂದು ಹೆಸರು, ಅಂದರೆ ಹೂವು. ಅದರಿಂದ ಚಳಿ ತಡೆಯುವುದಿಲ್ಲ, ಕೌದಿ ಗಟ್ಟಿಯಾಗುವುದಿಲ್ಲ, ಒಂದು ದಿನ ಹೆಚ್ಚು ಬಾಳಿಕೆಯೂ ಬರುವುದಿಲ್ಲ. ಆದರೆ ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬೆತ್ತಲೆ ಕೌದಿಯನ್ನು ಮುಗಿದದ್ದೆಂದು ಎಣಿಸುವುದಿಲ್ಲ.

ಇದನ್ನು ತಿಳಿದ ಮೇಲೆ ನಾನು ಕೆಲವು ದಿನ ಇದರ ಬಗ್ಗೆಯೇ ಯೋಚಿಸಿದೆ. ಹರಿದ ಸೀರೆ ಎಂಜಲು, ಸರಿ. ಹಾಸಿ ಹೊದೆಯಲು ಬಳಸಿದರೆ ಅದು ಮಿತವ್ಯಯ, ಒಳ್ಳೆಯ ಗುಣ, ಅಷ್ಟೇ. ಆದರೆ ಯಾರೂ ಕೇಳದ, ಯಾವ ಕೆಲಸಕ್ಕೂ ಬಾರದ ಆ ಹೂವಿನ ಮೇಲೆ ದಣಿದ ಕೈಗಳು ಖರ್ಚು ಮಾಡಿದ ಸಮಯ ಯಾರ ಎಂಜಲೂ ಅಲ್ಲ. ಅದನ್ನು ಯಾರೂ ಅವರಿಗೆ ಬಿಟ್ಟುಕೊಟ್ಟಿರಲಿಲ್ಲ. ಇಡೀ ಕೌದಿಯಲ್ಲಿ ಹೊಸತೆಂಬುದು ಅದೊಂದೇ, ಮೀಸಲೆಂಬುದು ಅದೊಂದೇ. ಬಟ್ಟೆ ಬೇರೆಯವರು ಕೊಟ್ಟದ್ದು, ಹೂವು ಅವಳದು.

ಹಾಗಾದರೆ ಮಲಾಕಿ ಬೈದದ್ದು ಯಾರನ್ನು? ಅವನ ಮುಂದಿದ್ದವರ ಮನೆಯಲ್ಲಿ ಒಳ್ಳೆಯ ಕುರಿಗಳಿದ್ದವು. ಅವನ್ನು ತಮಗಿಟ್ಟುಕೊಂಡು ಕುಂಟು ಕುರಿಯನ್ನು ಸಾಗಹಾಕಿದರು. ಅಲ್ಲಿ ಕುರಿಯ ಕಾಲಿಗಿಂತ ಕೊಡುವವನ ಲೆಕ್ಕ ಕುಂಟಾಗಿತ್ತು. ಬಿಸಾಡಿದ ಕಲ್ಲಿನ ವಿಷಯ ತಿರುಗುಮುರುಗು. ಅಲ್ಲಿ ತಿರಸ್ಕರಿಸಿದವರೇ ಒಬ್ಬರು, ಎತ್ತಿ ಇಟ್ಟವನೇ ಒಬ್ಬ. ಡಿಕ್ಕಿ ಇಲ್ಲ. ಈ ಅಳತೆಗೋಲು ಹಿಡಿದರೆ ನಮಗೂ ಸ್ವಲ್ಪ ಮುಜುಗರವೇ ಆಗುತ್ತದೆ. ಡಿಸೆಂಬರ್ 23ರ ರಾತ್ರಿ ಅಂಗಡಿಗೆ ಓಡಿ, ಹೊಳೆಯುವ ಥರ್ಮಾಕೋಲ್ ಗೋದಲಿ ತಂದು, ಅರ್ಧ ಗಂಟೆಯಲ್ಲಿ ನಿಲ್ಲಿಸಿ, ಸೀರಿಯಲ್ ಲೈಟು ಹಾಕಿ ಕೈತೊಳೆದುಕೊಳ್ಳುವುದು. ಅಲ್ಲಿ ವಸ್ತು ಹೊಸತು, ಸಮಯ ಎಂಜಲು. ಗುಜರಿಯ ಗೋದಲಿಯೇ ಮೇಲು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಗುಜರಿಯಲ್ಲೂ ಎಂಜಲು ಸಮಯ ಕೊಡಬಹುದು.

"ಕಸದಿಂದ ರಸ" ಎಂಬ ಹೆಸರಿನಲ್ಲಿ ನಡೆಯುವ ಸ್ಪರ್ಧೆಗಳ ಬಗ್ಗೆ ಇದೇ ಜಾಗದಲ್ಲಿ ಒಂದು ಮಾತು. ಕೋಲ್ಡ್ರಿಂಕ್ಸ್ ಬಾಟಲಿಗೆ ಗ್ಲೂ ಗನ್ನಿನಿಂದ ಮಿಂಚು, ಮಣಿ ಅಂಟಿಸಿ, ಸ್ಪ್ರೇ ಬಣ್ಣ ಹೊಡೆದು, ಹೂದಾನಿ ಎಂದು ಬಹುಮಾನ ಪಡೆಯುತ್ತಾರೆ. ಆ ಖಾಲಿ ಬಾಟಲಿಯನ್ನು ಗುಜರಿಯವರು ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು, ಅದು ಕರಗಿ ನೂಲೋ ಇನ್ನೇನೋ ಆಗುತ್ತಿತ್ತು. ಅಂಟು, ಬಣ್ಣ ಮೆತ್ತಿದ ಮೇಲೆ ಯಾರೂ ಮುಟ್ಟುವುದಿಲ್ಲ. ಒಂದು ತಿಂಗಳು ಟಿ.ವಿ. ಮೇಲೆ ಕೂತು ಆಮೇಲೆ ನಿಜವಾದ ಕಸವಾಗುತ್ತದೆ. ಕಸವನ್ನು ರಸ ಮಾಡಿದ್ದಲ್ಲ, ಸಾಮಾನನ್ನು ಕಸ ಮಾಡಿದ್ದು! ಆದ್ದರಿಂದ ನಮ್ಮಲ್ಲಿ ಅಂಟು ಬೇಡ, ತಂತಿಯಲ್ಲಿ ಕಟ್ಟೋಣ, ಮೂರು ರಾಯರ ಹಬ್ಬ ಕಳೆದ ಮೇಲೆ ಬಿಚ್ಚಿ ಅದೇ ಗುಜರಿ ಅಂಗಡಿಗೆ ಹಿಂದಿರುಗಿಸೋಣ ಎಂದು ತೀರ್ಮಾನವಾಗಿದೆ. ಲೇತ್ ಸುರುಳಿ ಬ್ಲೇಡಿನಷ್ಟು ಹರಿತ, ಕೈಗವಸು ಇಲ್ಲದೆ ಮಕ್ಕಳು ಮುಟ್ಟಬಾರದು. "ಕಸದಿಂದ ಮಾಡಿದ್ದು" ಎಂಬ ಬೋರ್ಡನ್ನೂ ಹಾಕುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ಕೃತಿಯ ಪಕ್ಕದ ಚೀಟಿಯಲ್ಲಿ "ಕೂದಲು, ಉಕ್ಕು" ಎಂದು ಬರೆದಿರುತ್ತಾರೆ, ಅದು ವಸ್ತುವಿನ ಹೆಸರು. ನಮ್ಮ ಬೋರ್ಡು ವಸ್ತುವಿನ ಹೆಸರಾಗಿರುವುದಿಲ್ಲ, ನಮ್ಮ ಬೆನ್ನು ನಾವೇ ತಟ್ಟಿಕೊಂಡದ್ದಾಗುತ್ತದೆ. ಅಜ್ಜಿ ಇಷ್ಟಕ್ಕೆ ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಈ ಸಲ ಕೊಯ್ದ ರಾಗಿಹುಲ್ಲಿನಲ್ಲಿ, ದನಕ್ಕೆ ಹಾಕುವ ಮೊದಲೇ, ಒಂದು ಕಂತೆ ತೆಗೆದಿಟ್ಟಿದ್ದಾರೆ. ಮಗು ಮಲಗುವ ಜಾಗಕ್ಕೆ ಅದೇ ಆಗಬೇಕಂತೆ, ಹಳೆಯದು ಕೂಡದಂತೆ. 1223ರಲ್ಲಿ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಮಾಡಿಸಿದ ಗೋದಲಿಯಲ್ಲೂ ಹುಲ್ಲು, ಎತ್ತು, ಕತ್ತೆ, ಅಷ್ಟೇ ಇದ್ದದ್ದು.

ಕೊನೆಗೆ ಜಪಾನಿನ ಒಂದು ಸಂಗತಿ ಹೇಳಬೇಕು, ಏಕೆಂದರೆ ನಮ್ಮ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದರಲ್ಲಿದೆ. 1995ರ ಜನವರಿ 17ರಂದು ಕೋಬೆ ನಗರದಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ತಕತೋರಿ ಕಥೋಲಿಕ ದೇವಾಲಯ ಬೆಂಕಿಗೆ ಆಹುತಿಯಾಯಿತು. ಆ ಧರ್ಮಕೇಂದ್ರದಲ್ಲಿ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರು ಬಹಳ ಇದ್ದರು, ಅಂದರೆ ಭಾಷೆ ಬೇರೆಯಾದವರು, ನಮ್ಮ ಹಾಗೆ. ವಾಸ್ತುಶಿಲ್ಪಿ ಶಿಗೆರು ಬಾನ್ ಬಂದು, ಕಾಗದದ ಕೊಳವೆಗಳಿಂದ ದೇವಾಲಯ ಕಟ್ಟಿಕೊಡುತ್ತೇನೆ ಎಂದರು. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುವ ರಟ್ಟಿನ ಕೊಳವೆಯ ದೊಡ್ಡಣ್ಣ ಎಂದುಕೊಳ್ಳಿ. ಗುರುಗಳು ಕೂಡಲೇ ಒಪ್ಪಲಿಲ್ಲ. ಜನರಿಗೆ ಮನೆ ಇಲ್ಲದಿರುವಾಗ ದೇವಾಲಯದ ಕಟ್ಟಡಕ್ಕೆ ಅವಸರವೇನು ಎಂಬುದು ಅವರ ನಿಲುವು. ಬಾನ್ ಹಟ ಬಿಡದೆ ಮತ್ತೆ ಮತ್ತೆ ಬಂದರು, ಬಂದವರು ನಿರಾಶ್ರಿತರಿಗಾಗಿ ಕಾಗದದ ಕೊಳವೆಯ ಗೋಡೆಯ ಪುಟ್ಟ ಮನೆಗಳನ್ನೂ ಕಟ್ಟಿದರು. ಅವುಗಳ ಅಡಿಪಾಯ ಮರಳು ತುಂಬಿದ ಬಿಯರ್ ಕ್ರೇಟುಗಳು. ಅದೇ ವರ್ಷ 160 ಮಂದಿ ಸ್ವಯಂಸೇವಕರು ಐದು ವಾರದಲ್ಲಿ 58 ಕಾಗದದ ಕಂಬಗಳನ್ನು ಅಂಡಾಕಾರವಾಗಿ ನಿಲ್ಲಿಸಿ ದೇವಾಲಯ ಕಟ್ಟಿದರು. ಕಾಗದ ಹೇಗೆ ನಿಲ್ಲುತ್ತದೆ ಎಂದು ಕೇಳುವವರಿಗೆ: ಹಾಳೆ ಬಗ್ಗುತ್ತದೆ, ಆದರೆ ಸುತ್ತಿ ದಪ್ಪ ಕೊಳವೆ ಮಾಡಿದರೆ ನೇರವಾಗಿ ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ತಡೆಯುತ್ತದೆ.

ಕೆಲವು ದಿನಕ್ಕೆಂದು ಕಟ್ಟಿದ್ದು ಹತ್ತು ವರ್ಷ ನಿಂತಿತು. 2005ರಲ್ಲಿ ಬಿಚ್ಚಿ ತೈವಾನಿಗೆ ಕೊಟ್ಟರು. 1999ರಲ್ಲಿ ಅಲ್ಲೂ ಭೂಕಂಪವಾಗಿತ್ತು. ತಾವೊಮಿ ಎಂಬ ಹಳ್ಳಿಯಲ್ಲಿ ಅದನ್ನು ಮತ್ತೆ ನಿಲ್ಲಿಸಿದ್ದಾರೆ.

ಆ ಗುರುಗಳ ಮೊದಲ ಉತ್ತರ ನನ್ನನ್ನು ಬಿಟ್ಟಿಲ್ಲ. ನಮ್ಮ ಪಟ್ಟಿಯಲ್ಲಿ ಪ್ಯಾಕಿಂಗ್ ಮರದ ಪೆಟ್ಟಿಗೆಗಳೂ ಇದ್ದವು, ಗೋದಲಿಯ ಚೌಕಟ್ಟಿಗೆ. ಸಿಪ್‌ಕಾಟ್ ಕಡೆಯ ಡಿಪೋದಲ್ಲಿ ವಿಚಾರಿಸಿದಾಗ ಗೊತ್ತಾದದ್ದು, ಆ ಮರವನ್ನು ಹೆಚ್ಚಾಗಿ ಕೊಳ್ಳುವವರು ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಫ್ಯಾಕ್ಟರಿ ಹುಡುಗರು, ಒಂದೇ ರೂಮಿನಲ್ಲಿ ಆರೇಳು ಜನ, ನೆಲ ಬಿಟ್ಟು ಮೇಲೆ ಮಲಗಲು ಮಂಚ ಮಾಡಿಕೊಳ್ಳುವುದಕ್ಕೆ. ಅವರಲ್ಲಿ ಕೆಲವರು ಭಾನುವಾರ ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ತಮಿಳು, ತೆಲುಗು, ಕನ್ನಡ ಯಾವ ಪೂಜೆಯೂ ಅವರ ಭಾಷೆಯದಲ್ಲ. ನಾವು ಬಿಸಾಡಿದ್ದು ಎಂದುಕೊಂಡದ್ದು ಬಿಸಾಡಿದ್ದಾಗಿರಲಿಲ್ಲ. ಮರವನ್ನು ಪಟ್ಟಿಯಿಂದ ತೆಗೆಯೋಣ ಎಂದು ನಾನು ಹೇಳಿದ್ದೇನೆ. ನಾಲ್ಕು ಪೆಟ್ಟಿಗೆಯಿಂದ ಯಾರ ಮಂಚ ನಿಲ್ಲುತ್ತದೆ, ಬೇಕಾದರೆ ಜನವರಿಯಲ್ಲಿ ಬಿಚ್ಚಿ ಅವರಿಗೇ ಕೊಡೋಣ ಎಂಬುದು ಹುಡುಗರ ವಾದ. ಡಿಸೆಂಬರಿನ ಚಳಿ ಜನವರಿಯವರೆಗೆ ಕಾಯುವುದಿಲ್ಲ ಎಂಬುದು ನನ್ನ ವಾದ. ಬರುವ ಭಾನುವಾರ ಎರಡನೇ ಪೂಜೆಯ ನಂತರ ಮತ್ತೆ ಸೇರುತ್ತೇವೆ, ಕೊನೆಯ ಬೆಂಚಿನವರನ್ನೂ ಕರೆದಿದ್ದೇವೆ.